ಅತ್ತಿಮಬ್ಬೆ: ಕವಿಯೊಬ್ಬ ಮಗಳಿಗಿಟ್ಟ ಹೆಸರು

ಸುಮಾರು ಸಾವಿರ ವರ್ಷಗಳ ಹಿಂದೆ ಕನ್ನಡದ ಕವಿಯೊಬ್ಬ ತನ್ನ ಮಗನಿಗೆ ರಾಯ ಎಂದೂ ಮಗಳಿಗೆ ಅತ್ತಿಮಬ್ಬೆ ಎಂದೂ ಹೆಸರಿಟ್ಟ. ಅಜ್ಜ ಅಜ್ಜಿಯ ಹೆಸರುಗಳಲ್ಲ, ಮನೆದೇವರ ಹೆಸರುಗಳೂ ಅಲ್ಲ. ತನ್ನ ಓದಿಗೆ, ಬರಹಕ್ಕೆ ಬೆನ್ನಿಗೆ ನಿಂತ ಇಬ್ಬರನ್ನು ಮನೆಯಲ್ಲಿ ದಿನಾ ನೆನೆಯುವಂತಾಗಲಿ ಎಂದು ಇಟ್ಟ ಹೆಸರುಗಳು. ಆ ಕವಿ ರನ್ನ. ರಾಯ ಎಂದರೆ ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರನ ಮೂರ್ತಿಯನ್ನು ಮಾಡಿಸಿದ ಚಾವುಂಡರಾಯ. ಊರಿಗೆ ಹೋದಾಗ ನಿಮ್ಮಲ್ಲಿ ಹಲವರು ಆ ಬೆಟ್ಟ ಹತ್ತಿದ್ದೀರಿ, ಹಾಗಾಗಿ ಅವನನ್ನು ಇಲ್ಲಿಗೆ ಬಿಡೋಣ. ಅತ್ತಿಮಬ್ಬೆ ಯಾರು?

ಮಕ್ಕಳೇ, ಮೊದಲು ಈ ಹೆಸರನ್ನು ಒಮ್ಮೆ ಜೋರಾಗಿ ಹೇಳಿ. ಅತ್ತಿ-ಮಬ್ಬೆ. ಎರಡು ಕಡೆ ಒತ್ತಕ್ಷರ, ನಡುವೆ ಒಂದು 'ಮ'. ನಾಲ್ಕು ಸಲ ಹೇಳಿದರೆ ನಾಲಿಗೆಗೆ ಕೂತುಬಿಡುತ್ತದೆ. ಮೊದಲರ್ಧ ಕೇಳಿದವರಿಗೆ ಅತ್ತಿಹಣ್ಣು ನೆನಪಾದೀತು, ಮನೆಯ ದೊಡ್ಡವರಿಗೆ ಅತ್ತೆಯೇ ನೆನಪಾದಾರು. ನಾವು ಹಿಡಿಯಬೇಕಾದ್ದು ಹೆಸರಿನ ಬಾಲವನ್ನು. 'ಅಬ್ಬೆ' ಎಂದರೆ ತಾಯಿ. ಹಳಗನ್ನಡದ ಕಾಲದಲ್ಲಿ ಹೆಣ್ಣುಮಕ್ಕಳ ಹೆಸರಿನ ಕೊನೆಗೆ ಇದನ್ನು ಗೌರವದಿಂದ ಸೇರಿಸುತ್ತಿದ್ದರು. ಪಂಪನ ತಾಯಿ ಅಬ್ಬಣಬ್ಬೆ. ರನ್ನನ ತಾಯಿ ಅಬ್ಬಲಬ್ಬೆ. ಹೊಯ್ಸಳರ ರಾಣಿ ಶಾಂತಲೆಯ ತಾಯಿ ಮಾಚಿಕಬ್ಬೆ. ರಾಷ್ಟ್ರಕೂಟರ ಕಾಲದಲ್ಲಿ ಜಕ್ಕಿಯಬ್ಬೆ ಎಂಬವಳಿದ್ದಳು. ಗಂಡ ತೀರಿಕೊಂಡ ಮೇಲೆ ಅವನ ಅಧಿಕಾರ ಇವಳಿಗೇ ಬಂದು, ನಾಗರಖಂಡವೆಂಬ ನಾಡಿನ ಆಡಳಿತವನ್ನು ನಡೆಸಿದಳು. ತೊಟ್ಟಿಲಲ್ಲಿರುವ ಕೂಸಿಗೆ 'ತಾಯಿ' ಎಂದು ಹೆಸರಿಡುವುದೇ ಎಂದು ನಗಬೇಡಿ. ನಿಮ್ಮ ಅಜ್ಜಿ ಫೋನಿನಲ್ಲಿ ನಿಮ್ಮನ್ನು ಏನೆಂದು ಕರೆಯುತ್ತಾರೆ? 'ಹೇಗಿದ್ದೀಯಮ್ಮಾ', 'ಊಟ ಆಯ್ತೇನಮ್ಮಾ' ಅಲ್ಲವೇ? ಅದೇ ಪ್ರೀತಿ ಇದು. ಇವತ್ತಿಗೂ ದಕ್ಷಿಣ ಕನ್ನಡ, ಕಾಸರಗೋಡು ಕಡೆಯ ಹವ್ಯಕರ ಮನೆಗಳಲ್ಲಿ ಮಕ್ಕಳು ತಾಯಿಯನ್ನು 'ಅಬ್ಬೆ' ಎಂದೇ ಕೂಗುತ್ತಾರೆ. ನಮ್ಮ ಕೂಟದಲ್ಲೂ ಅಂಥ ಮನೆಯವರು ಇದ್ದಾರು, ಮುಂದಿನ ಯುಗಾದಿ ಊಟದಲ್ಲಿ ಕಿವಿಗೊಟ್ಟು ಕೇಳಿ.

ಈಗ ಹೆಸರಿನ ಒಡತಿಯ ಕಡೆಗೆ ಬರೋಣ. ಅತ್ತಿಮಬ್ಬೆಯ ಮನೆತನದ ಬೇರು ಇಂದಿನ ಆಂಧ್ರಪ್ರದೇಶದಲ್ಲಿದೆ. ತಾತ ನಾಗಮಯ್ಯ ವೆಂಗಿನಾಡಿನ ಪುಂಗನೂರಿನವನು. ಬೇರೆ ನಾಡಿನಿಂದ ಬಂದು ಕನ್ನಡವನ್ನು ಪೊರೆದ ಮನೆ ಎನ್ನುವುದನ್ನು ಹೊರದೇಶದಲ್ಲಿ ಬೆಳೆಯುತ್ತಿರುವ ನಿಮಗೆ ಹೇಳಲೇಬೇಕು. ತಂದೆ ಮಲ್ಲಪಯ್ಯ, ಚಿಕ್ಕಪ್ಪ ಪುನ್ನಮಯ್ಯ. ಈ ಅಣ್ಣತಮ್ಮಂದಿರು ತಮ್ಮ ಗುರು ಜಿನಚಂದ್ರದೇವರ ನೆನಪಿಗಾಗಿ ಪೊನ್ನ ಕವಿಯಿಂದ 'ಶಾಂತಿಪುರಾಣ'ವನ್ನು ಬರೆಸಿದರು. ಹೀಗೆ ಕಾವ್ಯವನ್ನು ಕೇಳಿ ಬರೆಸಿಕೊಳ್ಳುವ ಅಭ್ಯಾಸವಿದ್ದ ಮನೆಯಲ್ಲಿ ಈಕೆ ಬೆಳೆದಳು.

973ರಲ್ಲಿ ಇಮ್ಮಡಿ ತೈಲಪನು ರಾಷ್ಟ್ರಕೂಟರನ್ನು ಸೋಲಿಸಿ ಚಾಲುಕ್ಯರ ಆಳ್ವಿಕೆಯನ್ನು ಮತ್ತೆ ಕಟ್ಟಿದ. ಅವನ ಮಂತ್ರಿ ದಲ್ಲಪ, ದಲ್ಲಪನ ಮಗ ಸೇನಾಪತಿ ನಾಗದೇವ. ಆ ನಾಗದೇವನಿಗೆ ಅತ್ತಿಮಬ್ಬೆಯನ್ನೂ ಆಕೆಯ ತಂಗಿ ಗುಂಡಮಬ್ಬೆಯನ್ನೂ ಕೊಟ್ಟು ಮದುವೆ ಮಾಡಿದರು. ಅಕ್ಕತಂಗಿಯರನ್ನು ಒಬ್ಬನಿಗೇ ಕೊಡುವುದು ದೊಡ್ಡ ಮನೆತನಗಳಲ್ಲಿ ಆಗ ನಡೆಯುತ್ತಿತ್ತು. ನಾಗದೇವ ಹೆಚ್ಚು ಕಾಲ ಬಾಳಲಿಲ್ಲ. ಅವನು ತೀರಿಕೊಂಡಾಗ ಗುಂಡಮಬ್ಬೆ ಗಂಡನ ಚಿತೆಯೇರಿ ಪ್ರಾಣ ಬಿಟ್ಟಳು. ಆಗಿನವರು ಇದನ್ನು ಬಹುವಾಗಿ ಹೊಗಳಿದರು. ನಮಗೆ ಇಂದು ಅದು ಸಂಕಟದ ಕಥೆ, ಮಕ್ಕಳಿಗೆ ಹೇಳುವಾಗ ಅದನ್ನು ಮುಚ್ಚಿಡುವುದೂ ಬೇಡ, ಬಣ್ಣ ಹಚ್ಚುವುದೂ ಬೇಡ. ಅತ್ತಿಮಬ್ಬೆ ಬದುಕುವ ದಾರಿ ಹಿಡಿದಳು. ಮಗ ಅಣ್ಣಿಗದೇವ ಇನ್ನೂ ಚಿಕ್ಕವನು, ಅವನನ್ನು ಬೆಳೆಸಬೇಕಿತ್ತು. ಬೆಳೆಸಿದಳು. ಆಕೆಯ ದೊಡ್ಡ ಕೆಲಸಗಳೆಲ್ಲ ಶುರುವಾದದ್ದೂ ಇದರ ನಂತರವೇ.

ಆ ಕೆಲಸಗಳಲ್ಲಿ ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದದ್ದು ಪುಸ್ತಕದ್ದು. ತಂದೆ ಬರೆಸಿದ 'ಶಾಂತಿಪುರಾಣ' ಬಳಕೆಯಿಂದ ಮರೆಯಾಗಬಾರದೆಂದು ಅತ್ತಿಮಬ್ಬೆ ಅದರ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಸಾವಿರ ಎಂದರೆ ಇಂದು ಅಚ್ಚಿನ ಮನೆಗೆ ಒಂದು ಬೆಳಗಿನ ಕೆಲಸ. ಆಗ ಅಚ್ಚಿನ ಯಂತ್ರವಿರಲಿಲ್ಲ, ನಮ್ಮ ನಾಡಿನಲ್ಲಿ ಕಾಗದವೂ ಇರಲಿಲ್ಲ. ಬರೆಯುತ್ತಿದ್ದುದು ತಾಳೆಗರಿಯ ಮೇಲೆ. ಗರಿಯನ್ನು ನೀರಿನಲ್ಲಿ ಹದ ಮಾಡಿ, ನೆರಳಿನಲ್ಲಿ ಒಣಗಿಸಿ, ಉಜ್ಜಿ ನಯ ಮಾಡಿ, ಒಂದೇ ಅಳತೆಗೆ ಕತ್ತರಿಸಬೇಕು. ಬರೆಯುವವನು ನೆಲದ ಮೇಲೆ ಕೂತು, ಎಡಗೈಯಲ್ಲಿ ಗರಿ ಹಿಡಿದು, ಬಲಗೈಯಲ್ಲಿ ಕಬ್ಬಿಣದ ಕಂಟದಿಂದ ಒಂದೊಂದೇ ಅಕ್ಷರವನ್ನು ಕೊರೆಯುತ್ತಾನೆ. ಕೈ ಬಿಗಿಯಾದರೆ ಗರಿ ಸೀಳುತ್ತದೆ, ಸಡಿಲವಾದರೆ ಗೆರೆ ಮೂಡುವುದಿಲ್ಲ. ಕೊರೆದ ಮೇಲೂ ಅಕ್ಷರ ಸರಿಯಾಗಿ ಕಾಣದು. ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಗರಿಯ ಮೇಲೆಲ್ಲ ಸವರಿ ಬಟ್ಟೆಯಿಂದ ಒರೆಸಿದರೆ ಕೊರೆದ ಜಾಗದಲ್ಲಷ್ಟೇ ಕಪ್ಪು ನಿಲ್ಲುತ್ತದೆ. ಆಮೇಲೆ ಗರಿಗಳಿಗೆ ತೂತು ಮಾಡಿ, ದಾರ ಪೋಣಿಸಿ, ಮೇಲೊಂದು ಕೆಳಗೊಂದು ಮರದ ಹಲಗೆ ಇಟ್ಟು ಕಟ್ಟಿದರೆ ಒಂದು ಪ್ರತಿ. 'ಶಾಂತಿಪುರಾಣ' ಏನು ನಾಲ್ಕು ಪುಟದ ಕಥೆಯೇ? ಹನ್ನೆರಡು ಆಶ್ವಾಸಗಳ ದೊಡ್ಡ ಚಂಪೂಕಾವ್ಯ. ಅದನ್ನು ಸಾವಿರ ಸಲ ಕೊರೆಯಬೇಕೆಂದರೆ ಎಷ್ಟು ಲಿಪಿಕಾರರು, ಅವರಿಗೆ ಎಷ್ಟು ದಿನದ ಊಟ, ಎಷ್ಟು ಹೊರೆ ಗರಿ, ಎಷ್ಟು ಮಸಿ! ಕೆಲಸವನ್ನು ಹಚ್ಚಿಕೊಟ್ಟು, ಮೇಲ್ವಿಚಾರಣೆ ನೋಡಿ, ತಪ್ಪು ತಿದ್ದಿಸಿ, ಕೊನೆಗೆ ಎಲ್ಲೆಲ್ಲಿಗೆ ಕಳಿಸಬೇಕೋ ಅಲ್ಲಿಗೆ ಕಳಿಸುವುದು ಸೇನೆ ನಡೆಸುವುದಕ್ಕಿಂತ ಸುಲಭವೇನಲ್ಲ.

ಜೈನರಲ್ಲಿ ನಾಲ್ಕು ಬಗೆಯ ದಾನಗಳನ್ನು ಹೇಳುತ್ತಾರೆ: ಹಸಿದವರಿಗೆ ಆಹಾರ, ರೋಗಿಗೆ ಔಷಧ, ಹೆದರಿದವರಿಗೆ ಅಭಯ, ಓದುವವರಿಗೆ ಶಾಸ್ತ್ರ. ಪುಸ್ತಕ ಹಂಚಿದ್ದು ಶಾಸ್ತ್ರದಾನ. ಇದರ ಜೊತೆಗೆ ಅತ್ತಿಮಬ್ಬೆ ಚಿನ್ನ, ರತ್ನಗಳ 1500 ಜಿನಬಿಂಬಗಳನ್ನು ಮಾಡಿಸಿಕೊಟ್ಟಳು ಎಂದೂ ಹೇಳುತ್ತಾರೆ. ಜನ ಆಕೆಯನ್ನು 'ದಾನಚಿಂತಾಮಣಿ' ಎಂದು ಕರೆದರು. ಚಿಂತಾಮಣಿ ಎಂದರೆ ಬೇಡಿದ್ದನ್ನು ಕೊಡುವ ರತ್ನ.

ತಂದೆಯ ಕಾವ್ಯ ಉಳಿಸಿದ್ದಾಯಿತು, ಇನ್ನು ತನ್ನದೊಂದು ಬೇಡವೇ? ಮುಧೋಳದ ಕಡೆಯ ಬಳೆಗಾರರ ಮನೆಯಲ್ಲಿ ಹುಟ್ಟಿದ್ದ ರನ್ನನಿಂದ 'ಅಜಿತಪುರಾಣ'ವನ್ನು ಬರೆಸಿದಳು. ಎರಡನೆಯ ತೀರ್ಥಂಕರ ಅಜಿತನಾಥನ ಕಥೆ, ಮುಗಿದದ್ದು 993ರಲ್ಲಿ. ತೀರ್ಥಂಕರನ ಕಥೆಯ ನಡುವೆ ರನ್ನ ಅತ್ತಿಮಬ್ಬೆಯ ಮನೆತನದ ಕಥೆಯನ್ನೂ ವಿವರವಾಗಿ ಹೇಳಿದ್ದಾನೆ. ಆಕೆಯ ನಡತೆ ಅರಳೆಯ ಹಾಗೆ, ಗಂಗೆಯ ನೀರಿನ ಹಾಗೆ ಶುಭ್ರವೆಂದು ಮನಸಾರೆ ಹೊಗಳುತ್ತಾನೆ. ಆಶ್ರಯ ಕೊಟ್ಟವರನ್ನು ಕವಿಗಳು ಹೊಗಳುವುದು ಹೊಸದಲ್ಲ, ಅದು ಸಂಬಳದ ಬಾಬತ್ತು ಎಂದು ಕೊಂಕು ತೆಗೆಯುವವರೂ ಇದ್ದಾರೆ. ಇರಲಿ. ಸಂಬಳಕ್ಕೆ ಪದ್ಯ ಬರೆಯಬಹುದು, ಮಗಳಿಗೆ ಹೆಸರಿಡುತ್ತಾರೆಯೇ?

ಅತ್ತಿಮಬ್ಬೆಯನ್ನು ಕಾಣಲು ಈಗ ಹೋಗಬೇಕಾದ ಊರು ಲಕ್ಕುಂಡಿ. ಗದಗದಿಂದ ಹೊಸಪೇಟೆಯ ದಾರಿಯಲ್ಲಿ ಸುಮಾರು ಹನ್ನೆರಡು ಕಿಲೋಮೀಟರ್. ಶಾಸನಗಳಲ್ಲಿ ಇದರ ಹೆಸರು ಲೊಕ್ಕಿಗುಂಡಿ. ಅಲ್ಲಿಯ ಬ್ರಹ್ಮ ಜಿನಾಲಯವನ್ನು ಕಟ್ಟಿಸಿದ್ದು ಇವಳೇ. ಅಲ್ಲಿರುವ 1007ರ ಶಾಸನ ಅದನ್ನು ಹೇಳುತ್ತದೆ. ಒಳಗೆ ಕತ್ತಲಿಗೆ ಕಣ್ಣು ಹೊಂದಿಕೊಂಡ ಮೇಲೆ ಕಂಬಗಳನ್ನು ನೋಡಿ, ಕಲ್ಲನ್ನು ತಿರುಗಿಸಿ ಕಡೆದಿರುವ ಉಂಗುರಗಳು ಒಂದರ ಮೇಲೊಂದು ಕೂತಿವೆ. ಕಲ್ಲು ಮೆದು, ನುಣುಪು. ನಾಲ್ಕು ಮುಖದ ಬ್ರಹ್ಮನ ಮೂರ್ತಿಯೊಂದಿದೆ, ಪದ್ಮಾವತಿಯದೂ ಇದೆ. ಬ್ರಹ್ಮನ ಹಿಂದಿನ ಮುಖವನ್ನು ನೋಡಲು ಮಕ್ಕಳು ಪ್ರದಕ್ಷಿಣೆ ಹಾಕುವುದು ಖಂಡಿತ. ಊರಿನಲ್ಲಿ ಇನ್ನೂ ಗುಡಿಗಳಿವೆ, ಮೆಟ್ಟಿಲಿಳಿದು ಹೋಗುವ ಬಾವಿಗಳಿವೆ, ಆದರೆ ಬಾವಿಯ ವಿಷಯ ತೆಗೆದರೆ ಈ ಲೇಖನ ಮುಗಿಯುವುದಿಲ್ಲ.

ಆ ಶಾಸನದಲ್ಲಿ ಪವಾಡದ ಕಥೆಗಳೂ ಇವೆ. ಅತ್ತಿಮಬ್ಬೆ ಗೊಮ್ಮಟೇಶ್ವರನ ದರ್ಶನಕ್ಕೆ ಬೆಟ್ಟ ಹತ್ತಿ ಬಳಲಿದಾಗ ಮಳೆಗಾಲವಲ್ಲದಿದ್ದರೂ ಮಳೆ ಸುರಿದು ಆಯಾಸ ತಣಿಸಿತಂತೆ. ಉಕ್ಕಿ ಹರಿಯುತ್ತಿದ್ದ ಗೋದಾವರಿ ಆಕೆಗಾಗಿ ನಿಂತಿತಂತೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ಸುಮಾರು ನೂರು ವರ್ಷ ಕಳೆದ ಮೇಲೆ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನನ್ನು ಹೊಗಳುವ ಶ್ರವಣಬೆಳಗೊಳದ ಶಾಸನವೊಂದು, ಅಂದು ಅತ್ತಿಮಬ್ಬೆಗಾಗಿ ಗೋದಾವರಿ ನಿಂತ ಹಾಗೆ ಇಂದು ಕಾವೇರಿ ಈತನನ್ನು ಮುಟ್ಟಲಿಲ್ಲ ಎನ್ನುತ್ತದೆ. ನೋಡಿ, ದಂಡನಾಯಕನ ಹಿರಿಮೆಯನ್ನು ಅಳೆಯಲು ಒಬ್ಬ ಹೆಂಗಸಿನ ಹೆಸರನ್ನು ಅಳತೆಗೋಲು ಮಾಡಿಕೊಂಡಿದ್ದಾರೆ! ಹೆಸರಿನ ಜನಪ್ರಿಯತೆ ಎಂದರೆ ನನ್ನ ಲೆಕ್ಕದಲ್ಲಿ ಇದು.

ಹಾಗಿದ್ದರೆ ಈಗೇಕೆ ಯಾರೂ ಈ ಹೆಸರನ್ನು ಇಡುವುದಿಲ್ಲ? ಭಾಷೆ ಬದಲಾಯಿತು, ಅದರ ಜೊತೆಗೆ ಹೆಸರಿನ ಬಾಲವೂ ಬದಲಾಯಿತು. ಅಬ್ಬೆ ಮೆಲ್ಲಗೆ ಅವ್ವೆಯಾಯಿತು. ಹನ್ನೆರಡನೆಯ ಶತಮಾನದ ಶರಣೆಯರಲ್ಲಿ ನೂಲು ತೆಗೆಯುತ್ತಿದ್ದ ಕದಿರ ರೆಮ್ಮವ್ವೆ ಇದ್ದಾಳೆ. ಆಮೇಲೆ ಅವ್ವೆ ಅವ್ವಳಾದಳು: ಚಿತ್ರದುರ್ಗದ ಓಬವ್ವ, ಉತ್ತರ ಕರ್ನಾಟಕದ ಮನೆಮನೆಯ ನೀಲವ್ವ, ಶಾಂತವ್ವ, ಯಲ್ಲವ್ವ. ದಕ್ಷಿಣದಲ್ಲಿ ಅಮ್ಮನದೇ ಮೇಲುಗೈ: ಚೆನ್ನಮ್ಮ, ಲಕ್ಷ್ಮಮ್ಮ, ಪುಟ್ಟಮ್ಮ. ಪೇಟೆಗೆ ಬಂದ ಮೇಲೆ ಅಮ್ಮನೂ ಉದುರಿ ಲಕ್ಷ್ಮಿ, ಶಾಂತಾ, ನೀಲಾ ಉಳಿದರು. ಈಗಂತೂ ಎರಡಕ್ಷರದ, ಯಾವ ದೇಶದಲ್ಲಾದರೂ ಉಚ್ಚರಿಸಲು ಬರುವ ಹೆಸರುಗಳ ಕಾಲ. ಅದು ತಪ್ಪೆನ್ನಲಾರೆ, ಶಾಲೆಯ ಮೊದಲ ದಿನ ಟೀಚರ್ ಹಾಜರಿ ಕರೆಯುವಾಗ ತಡವರಿಸಿ ನಿಂತರೆ ಮಗುವಿಗೆ ಆಗುವ ಮುಜುಗರವನ್ನು ನಾವೆಲ್ಲ ಕಂಡಿದ್ದೇವೆ. ಕನ್ನಡನಾಡಿನಲ್ಲೇ ಈ ಹೆಸರಿಟ್ಟರೂ ತರಗತಿಯ ತುಂಟರು 'ಮಬ್ಬೆ' ಎಂದು ಕಾಡಿಸದೆ ಬಿಟ್ಟಾರೆಯೇ?

ಹೆಸರು ಪೂರಾ ಹೋಗಿಲ್ಲ. ಕರ್ನಾಟಕ ಸರ್ಕಾರ ಲೇಖಕಿಯರಿಗೆ 'ದಾನಚಿಂತಾಮಣಿ ಅತ್ತಿಮಬ್ಬೆ' ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತಿದೆ. ಪುಸ್ತಕಕ್ಕಾಗಿ ಅಷ್ಟು ದುಡಿದವಳ ಹೆಸರಿಗೆ ತಕ್ಕ ಜಾಗವೇ ಅದು. ಆದರೂ ಪ್ರಶಸ್ತಿಯ ಫಲಕದಲ್ಲಿರುವ ಹೆಸರನ್ನು ಯಾರೂ ಊಟಕ್ಕೆ ಬಾ ಎಂದು ಕೂಗುವುದಿಲ್ಲ. ನಮ್ಮ ಕೂಟದಲ್ಲಿ ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ಕಾಯುತ್ತಿರುವ ಮನೆಗಳಿಗೆ ನನ್ನದೊಂದು ಸಲಹೆ: ಕರೆಯಲು ನಿಮ್ಮಿಷ್ಟದ ಹೆಸರಿಡಿ, ನಡುವಿನ ಹೆಸರಾಗಿ ಇದನ್ನು ಸೇರಿಸಿ. ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಎರಡು 'ಟಿ', ಎರಡು 'ಬಿ' ಬಿಡಬೇಡಿ. ಬಿಟ್ಟರೆ ಅದು 'ಅತಿಮಬೆ' ಆಗಿ ಹಾಳಾಗುತ್ತದೆ.

ಮಕ್ಕಳಿಗೆ ಒಂದು ಕೆಲಸ. ನಿಮ್ಮ ಮನೆಯ ಹಿರಿಯರಲ್ಲಿ ಅವ್ವ, ಅಬ್ಬೆ, ಅಕ್ಕ ಎಂದು ಮುಗಿಯುವ ಹೆಸರು ಯಾರದಿತ್ತು ಎಂದು ಕೇಳಿ. ಮುತ್ತಜ್ಜಿಯವರೆಗೆ ಹೋದರೆ ಒಂದಾದರೂ ಸಿಕ್ಕೇ ಸಿಗುತ್ತದೆ. ಆಕೆ ಯಾವ ಊರಿನವರು, ಆ ಹೆಸರನ್ನು ಇಟ್ಟವರು ಯಾರು ಎಂಬುದನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆದು ದೀಪಾವಳಿ ಸಂಚಿಕೆಗೆ ಕಳಿಸಿಕೊಡಿ. ಕೈಬರಹದಲ್ಲೇ ಇರಲಿ, ಕಾಗುಣಿತ ತಪ್ಪಿದರೆ ನಾವು ತಿದ್ದಿಕೊಳ್ಳುತ್ತೇವೆ.