ಕಣದೊಳಗಿನ ಕಣವನ್ನು ಕಂಡವರು: ಥಿಯೋಡೋರ್ ಬೊವೆರಿ

ಒಂಬತ್ತನೆಯ ತರಗತಿಯಲ್ಲಿ ಜೀವಕೋಶದ ಪಾಠ ಮಾಡುವಾಗ ನಾವು ಕಪ್ಪುಹಲಗೆಯ ಮೇಲೆ ಒಂದು ದೊಡ್ಡ ವೃತ್ತವನ್ನೂ ಅದರೊಳಗೆ ಕೋಶಕೇಂದ್ರವನ್ನೂ ಬರೆದು, ಅದರ ಪಕ್ಕದಲ್ಲಿ ಸೀಮೆಸುಣ್ಣದಿಂದ ಒಂದು ಚುಕ್ಕೆಯನ್ನಿಡುತ್ತೇವೆ. ಸೆಂಟ್ರೊಸೋಮ್ ಎಂದು ಅದರ ಹೆಸರನ್ನು ಹೇಳಿ ಮುಂದಿನ ಭಾಗಕ್ಕೆ ಸಾಗುತ್ತೇವೆ. ಕೆಲವು ವರ್ಷಗಳ ಹಿಂದೆ ಹಿಂದಿನ ಬೆಂಚಿನಿಂದ ಎದ್ದು ನಿಂತ ಹುಡುಗಿಯೊಬ್ಬಳು, ಇಷ್ಟು ಸಣ್ಣ ಚುಕ್ಕೆಯನ್ನು ಗುರುತಿಸಿ ಹೆಸರಿಟ್ಟವರು ಯಾರು ಎಂದು ಕೇಳಿದಳು. ಆ ದಿನ ನಮ್ಮಲ್ಲಿ ಉತ್ತರವಿರಲಿಲ್ಲ. ಶಾಲೆಯು ಶತಮಾನವನ್ನು ಪೂರೈಸಿದ ಈ ಶುಭ ಸಂದರ್ಭದಲ್ಲಿ, ಅಂದು ಉಳಿದುಹೋದ ಉತ್ತರವನ್ನು ಒಂದು ಜೀವನಕಥನದ ರೂಪದಲ್ಲಿ ಒಪ್ಪಿಸಬಯಸುತ್ತೇವೆ.

ಥಿಯೋಡೋರ್ ಬೊವೆರಿಯವರು 1862ರ ಅಕ್ಟೋಬರ್ 12ರಂದು ಜರ್ಮನಿಯ ಬವೇರಿಯಾ ಪ್ರಾಂತದ ಬಾಂಬೆರ್ಗ್ ಪಟ್ಟಣದಲ್ಲಿ ಜನಿಸಿದರು. ತಂದೆ ವೈದ್ಯರು. ನಾಲ್ವರು ಗಂಡುಮಕ್ಕಳ ಆ ಮನೆಯಲ್ಲಿ ಥಿಯೋಡೋರ್ ಎರಡನೆಯವರು. ತಮ್ಮಂದಿರಲ್ಲೊಬ್ಬರಾದ ವಾಲ್ಟರ್ ಮುಂದೆ ಸ್ವಿಟ್ಸರ್ಲೆಂಡಿನಲ್ಲಿ ಬ್ರೌನ್ ಬೊವೆರಿ ಎಂಬ ವಿದ್ಯುದ್ಯಂತ್ರಗಳ ಸಂಸ್ಥೆಯನ್ನು ಸ್ಥಾಪಿಸಿದವರಲ್ಲಿ ಒಬ್ಬರಾದರು. ಥಿಯೋಡೋರರಿಗೆ ಬಾಲ್ಯದಿಂದಲೂ ಸಂಗೀತ, ಚಿತ್ರಕಲೆಗಳಲ್ಲಿ ಒಲವು. ಮ್ಯೂನಿಕ್ ವಿಶ್ವವಿದ್ಯಾಲಯವನ್ನು ಸೇರಿದಾಗ ಅವರು ಆರಿಸಿಕೊಂಡದ್ದು ಇತಿಹಾಸವನ್ನು. ಬಹುಬೇಗನೆ ಮನಸ್ಸು ಅಂಗರಚನಾಶಾಸ್ತ್ರದತ್ತ ಹೊರಳಿತು. ನರತಂತುಗಳನ್ನು ಕುರಿತ ಪ್ರಬಂಧಕ್ಕಾಗಿ 1885ರಲ್ಲಿ ಡಾಕ್ಟರೇಟ್ ಪದವಿ ಪಡೆದರು. ಅನಂತರ ದೊರೆತ ವಿದ್ಯಾರ್ಥಿವೇತನವು ಜೀವನೋಪಾಯದ ಚಿಂತೆಯಿಲ್ಲದೆ ಸಂಶೋಧನೆಯಲ್ಲಿ ತೊಡಗಲು ಅವರಿಗೆ ಅನುವು ಮಾಡಿಕೊಟ್ಟಿತು.

ಅವರು ಅಧ್ಯಯನಕ್ಕೆ ಆರಿಸಿಕೊಂಡ ಜೀವಿಯ ಹೆಸರನ್ನು ಕೇಳಿದರೆ ಮಕ್ಕಳು ಮೂಗು ಮುರಿಯುವುದುಂಟು. ಅದು ಕುದುರೆಯ ಕರುಳಿನಲ್ಲಿ ವಾಸಿಸುವ ಜಂತುಹುಳು. ಅದರ ಅಂಡದಲ್ಲಿ ವರ್ಣತಂತುಗಳು ಬಲು ದೊಡ್ಡವು; ಸಂಖ್ಯೆಯೋ ಬೆರಳೆಣಿಕೆಯಷ್ಟು. ಕೋಶವು ಇಬ್ಭಾಗವಾಗುವಾಗ ಏನೇನು ನಡೆಯುತ್ತದೆ ಎಂಬುದನ್ನು ಹೆಜ್ಜೆಹೆಜ್ಜೆಗೂ ನೋಡಲು ಇದಕ್ಕಿಂತ ತಕ್ಕ ವಸ್ತು ಆಗ ಇರಲಿಲ್ಲ. ಬೆಲ್ಜಿಯಮ್ಮಿನ ವಾನ್ ಬೆನೆಡೆನ್ ಅವರೂ ಇದೇ ಹುಳುವಿನ ಅಂಡವನ್ನು ಪರೀಕ್ಷಿಸಿ, ವಿಭಜನೆಯ ಎರಡು ಧ್ರುವಗಳಲ್ಲಿ ಸಣ್ಣ ಕಣಗಳನ್ನು ಕಂಡಿದ್ದರು. ಬೊವೆರಿಯವರು ಆ ಕಣವನ್ನು ಕೂಲಂಕಷವಾಗಿ ಅಭ್ಯಸಿಸಿ, 1888ರಲ್ಲಿ ಅದಕ್ಕೆ ಸೆಂಟ್ರೊಸೋಮ್ ಎಂದು ನಾಮಕರಣ ಮಾಡಿದರು. ನಡುವಿನ ಕಾಯ ಎಂಬುದು ಆ ಪದದ ಅರ್ಥ.

ಹೆಸರಿಡುವುದಷ್ಟೇ ಆಗಿದ್ದರೆ ಅವರನ್ನು ಇಂದು ಯಾರೂ ನೆನೆಯುತ್ತಿರಲಿಲ್ಲ. ಅವರು ಅದರ ಕಾರ್ಯವನ್ನೂ ತಿಳಿಸಿದರು. ಕೋಶವು ವಿಭಜನೆಗೆ ಸಿದ್ಧವಾಗುವಾಗ ಈ ಕಣವು ಎರಡಾಗುತ್ತದೆ; ಎರಡೂ ಎದುರುಬದುರು ದಿಕ್ಕುಗಳಿಗೆ ಸರಿಯುತ್ತವೆ; ಅವುಗಳ ನಡುವೆ ನೂಲುವ ಕದಿರಿನಂತೆ ಎರಡೂ ತುದಿ ಚೂಪಾದ ಎಳೆಗಳ ರಚನೆಯೊಂದು ಮೂಡುತ್ತದೆ; ವರ್ಣತಂತುಗಳು ಆ ಎಳೆಗಳ ಸೆಳೆತಕ್ಕೆ ಸಮನಾಗಿ ಹಂಚಿಹೋಗುತ್ತವೆ. ಅಂಡವು ತನ್ನ ಸೆಂಟ್ರೊಸೋಮನ್ನು ಕಳೆದುಕೊಂಡಿರುತ್ತದೆಯೆಂದೂ, ವೀರ್ಯಾಣುವು ಅದನ್ನು ಹೊತ್ತು ತಂದು ಅಂಡಕ್ಕೆ ವಿಭಜನೆಯ ಶಕ್ತಿಯನ್ನು ಒದಗಿಸುತ್ತದೆಯೆಂದೂ ಅವರು ಪ್ರತಿಪಾದಿಸಿದರು. ಎಲ್ಲ ಪ್ರಾಣಿಗಳಿಗೂ ಈ ಮಾತು ಹೊಂದುವುದಿಲ್ಲವಾದರೂ, ಮನುಷ್ಯರೂ ಸೇರಿದಂತೆ ಹಲವು ಜೀವಿಗಳಲ್ಲಿ ಇದು ಸತ್ಯವೆಂದು ಮುಂದೆ ತಿಳಿದುಬಂದಿತು.

1893ರಲ್ಲಿ, ಮೂವತ್ತು ತುಂಬಿದ ಹೊತ್ತಿನಲ್ಲಿ, ಅವರು ವ್ಯೂರ್ಟ್ಸ್‌ಬುರ್ಗ್ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾದರು. ಕೊನೆಯವರೆಗೂ ಆ ಊರನ್ನು ಬಿಡಲಿಲ್ಲ. ಅವರ ಶಿಷ್ಯರಲ್ಲೊಬ್ಬರಾದ ಹಾನ್ಸ್ ಸ್ಪೆಮಾನ್ 1935ರಲ್ಲಿ ನೊಬೆಲ್ ಪುರಸ್ಕಾರ ಪಡೆದರು. 1896ರಲ್ಲಿ ಅಮೆರಿಕದಿಂದ ಮಾರ್ಸೆಲಾ ಓ'ಗ್ರೇಡಿ ಎಂಬ ಜೀವಶಾಸ್ತ್ರದ ಅಧ್ಯಾಪಕಿ ಅವರ ಪ್ರಯೋಗಾಲಯವನ್ನು ಅರಸಿ ಬಂದರು. ಜರ್ಮನಿಯ ವಿಶ್ವವಿದ್ಯಾಲಯಗಳ ಬಾಗಿಲು ಹೆಂಗಸರಿಗೆ ಸುಲಭವಾಗಿ ತೆರೆಯದಿದ್ದ ಕಾಲವದು. ಮರುವರ್ಷ ಇಬ್ಬರೂ ವಿವಾಹವಾದರು. ಮಾರ್ಸೆಲಾ ಗೃಹಿಣಿಯಾಗಿಯಷ್ಟೇ ಉಳಿಯದೆ ಪತಿಯ ಸಂಶೋಧನೆಯಲ್ಲಿ ಸಹಭಾಗಿಯಾದರು. 1900ರಲ್ಲಿ ಜನಿಸಿದ ಮಗಳು ಮಾರ್ಗ್ರೆಟ್ ಮುಂದೆ ಹೆಸರಾಂತ ಪತ್ರಕರ್ತೆಯಾದರು.

ಇಟಲಿಯ ನೇಪಲ್ಸ್ ಕಡಲತೀರದಲ್ಲಿರುವ ಪ್ರಾಣಿಶಾಸ್ತ್ರ ಕೇಂದ್ರಕ್ಕೆ ಬೊವೆರಿಯವರು ಮತ್ತೆ ಮತ್ತೆ ಹೋಗುತ್ತಿದ್ದರು. ಮೈತುಂಬ ಮುಳ್ಳುಗಳಿರುವ ಸೀ ಅರ್ಚಿನ್ ಎಂಬ ಕಡಲಜೀವಿಯ ಅಂಡಗಳ ಮೇಲೆ ಅವರು ನಡೆಸಿದ ಪ್ರಯೋಗಗಳು ಜೀವಶಾಸ್ತ್ರದ ದಾರಿಯನ್ನೇ ಬದಲಿಸಿದವು. ಒಂದು ಅಂಡದೊಳಕ್ಕೆ ಒಂದರ ಬದಲು ಎರಡು ವೀರ್ಯಾಣುಗಳು ಹೊಕ್ಕರೆ ಸೆಂಟ್ರೊಸೋಮುಗಳೂ ಎರಡಾಗುತ್ತವೆ. ವಿಭಜನೆಯ ಹೊತ್ತಿಗೆ ಅವು ನಾಲ್ಕಾಗುತ್ತವೆ. ಎರಡು ಧ್ರುವಗಳಿರಬೇಕಾದಲ್ಲಿ ನಾಲ್ಕು ಧ್ರುವಗಳು. ನಾಲ್ಕು ಕಡೆಗಳಿಂದ ಎಳೆದಾಟ ನಡೆದು ವರ್ಣತಂತುಗಳು ಹೇಗೆಂದರೆ ಹಾಗೆ ಹಂಚಿಹೋಗುತ್ತವೆ. ಅಂತಹ ಭ್ರೂಣಗಳಲ್ಲಿ ಬಹುತೇಕ ಎಲ್ಲವೂ ವಿರೂಪಗೊಂಡು ಅಳಿದವು. ಆದರೆ ಅವು ಒಂದೇ ರೀತಿಯಲ್ಲಿ ಕೆಡಲಿಲ್ಲ. ಒಂದೊಂದರ ಕೊರತೆಯೂ ಒಂದೊಂದು ಬಗೆಯಾಗಿತ್ತು. ಇದರಿಂದ ಬೊವೆರಿಯವರು 1902ರಲ್ಲಿ ಒಂದು ಮಹತ್ವದ ನಿರ್ಣಯಕ್ಕೆ ಬಂದರು. ವರ್ಣತಂತುಗಳೆಲ್ಲ ಒಂದೇ ತೆರನಾದವಲ್ಲ, ಪ್ರತಿಯೊಂದಕ್ಕೂ ಅದರದೇ ಆದ ಕರ್ತವ್ಯವಿದೆ, ಯಾವುದೊಂದು ಇಲ್ಲವಾದರೂ ಬೆಳವಣಿಗೆ ಪೂರ್ಣವಾಗುವುದಿಲ್ಲ. ಅದೇ ಕಾಲದಲ್ಲಿ ಅಮೆರಿಕದ ವಾಲ್ಟರ್ ಸಟನ್ ಎಂಬ ತರುಣರು ಮಿಡತೆಗಳ ಅಧ್ಯಯನದಿಂದ, ಆನುವಂಶಿಕ ಗುಣಗಳನ್ನು ಹೊತ್ತೊಯ್ಯುವವು ವರ್ಣತಂತುಗಳೇ ಎಂದು ತೋರಿಸುತ್ತಿದ್ದರು. ಈ ಸಿದ್ಧಾಂತವು ಇಂದಿಗೂ ಇಬ್ಬರ ಹೆಸರಿನಲ್ಲಿಯೂ ನಿಂತಿದೆ.

ಇದೇ ಪ್ರಯೋಗವು ಅವರನ್ನು ಇನ್ನೊಂದು ಚಿಂತನೆಗೆ ಒಯ್ದಿತು. ವರ್ಣತಂತುಗಳ ಹಂಚಿಕೆ ತಪ್ಪಿದ ಕೋಶವು ಸಾಯದೆ ಉಳಿದು, ಅಂಕೆಯಿಲ್ಲದೆ ಬೆಳೆಯತೊಡಗಿದರೆ? ಕ್ಯಾನ್ಸರಿನ ಗೆಡ್ಡೆಗಳು ಹಾಗೆ ಒಂದು ಕೋಶದಿಂದಲೇ ಹುಟ್ಟುತ್ತವೆಂದು ತರ್ಕಿಸಿ, 1914ರಲ್ಲಿ ಅವರು ಒಂದು ಚಿಕ್ಕ ಗ್ರಂಥವನ್ನು ಪ್ರಕಟಿಸಿದರು. ತಾವು ರೋಗಶಾಸ್ತ್ರದ ಪಂಡಿತರಲ್ಲ ಎಂಬ ಅರಿವು ಅವರಿಗಿತ್ತು. ಸಮಕಾಲೀನ ವೈದ್ಯರಲ್ಲಿ ಹೆಚ್ಚಿನವರು ಆ ವಿಚಾರವನ್ನು ಗಂಭೀರವಾಗಿ ಪರಿಗಣಿಸಲಿಲ್ಲ. ಆ ವೇಳೆಗೆ ಅವರ ದೇಹವೂ ಜರ್ಜರಿತವಾಗಿತ್ತು. ಯೌವನದಲ್ಲಿಯೇ ನರದೌರ್ಬಲ್ಯ, ಖಿನ್ನತೆಗಳಿಂದ ಬಳಲಿದ್ದ ಅವರಿಗೆ ಬರ್ಲಿನ್ನಿನಲ್ಲಿ ಸ್ಥಾಪನೆಯಾಗಲಿದ್ದ ದೊಡ್ಡ ಜೀವಶಾಸ್ತ್ರ ಸಂಸ್ಥೆಯ ನಿರ್ದೇಶಕ ಪದವಿಯ ಆಹ್ವಾನ ಬಂದಿತ್ತು. ಅನಾರೋಗ್ಯದ ನಿಮಿತ್ತ ಅದನ್ನು ಒಲ್ಲೆನೆಂದರು. ಮೊದಲ ಮಹಾಯುದ್ಧ ನಡೆಯುತ್ತಿದ್ದಾಗ, 1915ರ ಅಕ್ಟೋಬರ್ 15ರಂದು, ಐವತ್ತಮೂರು ತುಂಬಿದ ಮೂರನೆಯ ದಿನ ಅವರು ವ್ಯೂರ್ಟ್ಸ್‌ಬುರ್ಗಿನಲ್ಲಿ ತೀರಿಕೊಂಡರು.

ಅವರ ವಿಚಾರವು ಅವರೊಡನೆಯೇ ಮಣ್ಣಾಗದಂತೆ ನೋಡಿಕೊಂಡವರಲ್ಲಿ ಮಾರ್ಸೆಲಾ ಮುಖ್ಯರು. ಅವರು ಅಮೆರಿಕಕ್ಕೆ ಮರಳಿ ಕಾಲೇಜೊಂದರಲ್ಲಿ ವಿಜ್ಞಾನ ವಿಭಾಗವನ್ನು ಕಟ್ಟಿ, ಕ್ಯಾನ್ಸರನ್ನು ಕುರಿತ ಪತಿಯ ಗ್ರಂಥವನ್ನು ಇಂಗ್ಲಿಷಿಗೆ ಅನುವಾದಿಸಿ 1929ರಲ್ಲಿ ಹೊರತಂದರು. 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಆ ಚುಕ್ಕೆಯ ಒಳಗನ್ನು ತೆರೆದು ತೋರಿತು. ಒಂದು ಜೊತೆ ಕಿರುಕೊಳವೆಗಳು. ಪ್ರತಿಯೊಂದರ ಗೋಡೆಯಲ್ಲಿ ಮೂರು ಮೂರರಂತೆ ಒಂಬತ್ತು ಗುಂಪುಗಳಾಗಿ ನಿಂತ ಸೂಕ್ಷ್ಮನಾಳಗಳು. ಇಂದು ಅನೇಕ ಬಗೆಯ ಕ್ಯಾನ್ಸರ್ ಕೋಶಗಳಲ್ಲಿ ಸೆಂಟ್ರೊಸೋಮುಗಳು ಮಿತಿಮೀರಿ ಇರುವುದನ್ನು ಸಂಶೋಧಕರು ಕಂಡಿದ್ದಾರೆ. ಅದು ರೋಗಕ್ಕೆ ಎಷ್ಟರಮಟ್ಟಿಗೆ ಕಾರಣ, ಎಷ್ಟರಮಟ್ಟಿಗೆ ಪರಿಣಾಮ ಎಂಬ ವಿಚಾರಣೆ ಇನ್ನೂ ನಡೆದಿದೆ. ಆ ವಿಚಾರಣೆ ಆರಂಭವಾಗುವುದು ಬೊವೆರಿಯವರ ಹೆಸರಿನಿಂದಲೇ. ಸೆಂಟ್ರೊಸೋಮಿಲ್ಲದೆ ಕೋಶವು ಬದುಕಲಾರದೆಂಬ ಭಾವನೆಯಂತೂ ತಿದ್ದುಪಡಿಗೊಂಡಿದೆ. ಹೂಬಿಡುವ ಸಸ್ಯಗಳ ಕೋಶಗಳು ಅದಿಲ್ಲದೆಯೇ ವಿಭಜನೆಗೊಳ್ಳುತ್ತವೆ.

ಗಡಿಯಾಚೆಯ ಈ ನೆಲದಲ್ಲಿ ಮಕ್ಕಳನ್ನು ಕನ್ನಡ ಶಾಲೆಗೆ ಸೇರಿಸಲು ಬರುವ ತಂದೆತಾಯಿಯರು, ವಿಜ್ಞಾನವನ್ನು ಕನ್ನಡದಲ್ಲಿ ಕಲಿತರೆ ಮುಂದೆ ತೊಡಕಾಗದೇ ಎಂದು ನಮ್ಮನ್ನು ಕೇಳುತ್ತಾರೆ. ಆ ಆತಂಕವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಮುಂದೆ ಇಂಗ್ಲಿಷನ್ನು ಕಲಿಯಲೇಬೇಕು, ಶ್ರಮಪಟ್ಟು ಕಲಿಯಬೇಕು. ಆದರೆ ಬೊವೆರಿಯವರು ಬರೆದದ್ದು ತಮ್ಮ ತಾಯ್ನುಡಿಯಲ್ಲಿ. ಅದನ್ನು ಇನ್ನೊಂದು ನುಡಿಗೆ ದಾಟಿಸಲು ಎರಡನ್ನೂ ಬಲ್ಲ ಒಬ್ಬ ಅಧ್ಯಾಪಕಿ ಬೇಕಾದರು. ಅಂತಹ ದಾಟಿಸುವ ಕೆಲಸವೇ ನಮ್ಮ ಶಾಲೆಯ ನೂರು ವರ್ಷಗಳ ದುಡಿಮೆಯೂ ಹೌದು. ಅಂದು ಪ್ರಶ್ನೆ ಕೇಳಿದ ಆ ಹುಡುಗಿ ಈಗ ಎಲ್ಲಿದ್ದರೂ ಈ ಸಂಚಿಕೆ ಅವಳ ಕೈಸೇರಲಿ. ಉತ್ತರ ತಡವಾಯಿತು, ಆದರೂ ಅದನ್ನು ಅವಳು ಕೇಳಿದ ನುಡಿಯಲ್ಲಿಯೇ ಕೊಡುತ್ತಿದ್ದೇವೆ.