ಶ್ರೀಮದಭಿನವಗುಪ್ತಾಚಾರ್ಯರು

ಶೈವಾಗಮಗಳ ರಹಸ್ಯವನ್ನು ಲೋಕಕ್ಕೆ ತೆರೆದು ತೋರಿದ ಮಹನೀಯರಲ್ಲಿ ಕಾಶ್ಮೀರದ ಅಭಿನವಗುಪ್ತಾಚಾರ್ಯರು ಅಗ್ರಗಣ್ಯರು. ನಾಟ್ಯಶಾಸ್ತ್ರಕ್ಕೂ ಧ್ವನ್ಯಾಲೋಕಕ್ಕೂ ಅವರು ರಚಿಸಿದ ವ್ಯಾಖ್ಯಾನಗಳನ್ನು ಸಾಹಿತ್ಯಜ್ಞರೆಲ್ಲರೂ ಬಲ್ಲರು. ಆದರೆ ಆ ಪಾಂಡಿತ್ಯಕ್ಕೆ ಮೂಲವಾದ ಅವರ ಶಿಷ್ಯವೃತ್ತಿಯನ್ನು ಅರಿತವರು ವಿರಳ. ಗುರುಮಠದ ಆಶ್ರಯದಲ್ಲಿರುವ ನಮಗೆ ಅದೇ ಮುಖ್ಯವಾದುದು.

ಇವರ ಪೂರ್ವಜನಾದ ಅತ್ರಿಗುಪ್ತನನ್ನು ೮ನೆಯ ಶತಮಾನದಲ್ಲಿ ಲಲಿತಾದಿತ್ಯ ಮಹಾರಾಜನು ಗಂಗಾಯಮುನೆಗಳ ನಡುನಾಡಿನಿಂದ ಕರೆತಂದು ವಿತಸ್ತಾ ನದಿಯ ತೀರದಲ್ಲಿ ನೆಲೆಗೊಳಿಸಿದನು. ಆ ವಂಶದ ನರಸಿಂಹಗುಪ್ತ ಮತ್ತು ವಿಮಲಾ ದಂಪತಿಗಳಿಗೆ ಆಚಾರ್ಯರು ೧೦ನೆಯ ಶತಮಾನದ ಮಧ್ಯಭಾಗದ ಸುಮಾರಿಗೆ ಜನಿಸಿದರು. ಬಾಲ್ಯದಲ್ಲಿಯೇ ಮಾತೃವಿಯೋಗವು ಒದಗಿತು. ತಂದೆಯೇ ವ್ಯಾಕರಣವನ್ನು ಬೋಧಿಸಿದರು. ಮೊದಲು ಕಾವ್ಯರಸದಲ್ಲಿ ಮಗ್ನವಾಗಿದ್ದ ಮನಸ್ಸನ್ನು ಶಿವಭಕ್ತಿಯು ಸೆಳೆದುಕೊಂಡಿತು. ಅಂದಿನಿಂದ ಲೋಕವ್ಯವಹಾರವನ್ನು ತೊರೆದು ಗುರುಗೃಹಗಳಲ್ಲಿ ಸೇವಕರಾಗಿ ನಿಂತರು.

ಸೋಮಾನಂದ, ಉತ್ಪಲದೇವರ ಪರಂಪರೆಯ ಲಕ್ಷ್ಮಣಗುಪ್ತರಿಂದ ಪ್ರತ್ಯಭಿಜ್ಞಾಶಾಸ್ತ್ರವನ್ನೂ, ಭೂತಿರಾಜರಿಂದ ಬ್ರಹ್ಮವಿದ್ಯೆಯನ್ನೂ ಪಡೆದರು. ಬೌದ್ಧ, ಜೈನ, ವೈಷ್ಣವ ಆಚಾರ್ಯರ ಬಳಿಯಲ್ಲಿಯೂ ವಿನಯದಿಂದ ಕುಳಿತು ಕಲಿತರು. ಇಷ್ಟಾದರೂ ಅವರ ಹೃದಯಕ್ಕೆ ವಿಶ್ರಾಂತಿ ದೊರೆತುದು ಜಾಲಂಧರಪೀಠದ ಶಂಭುನಾಥರ ಕೃಪೆಯಿಂದ. ಆ ಗುರುವು ಕೌಲಮಾರ್ಗದ ದೀಕ್ಷೆಯಿತ್ತು ಅವರ ಅರಿವನ್ನು ಬೆಳಗಿಸಿದರು.

ಈ ಗುರುಪ್ರಸಾದವೇ ತಂತ್ರಾಲೋಕವೆಂಬ ಮಹಾಗ್ರಂಥವಾಯಿತು. ಶಿಷ್ಯರ ಪ್ರಾರ್ಥನೆಯಂತೆ ರಚಿತವಾದ ಇದರಲ್ಲಿ ೩೭ ಆಹ್ನಿಕಗಳಿವೆ. ನಮಗೂ ಪರಿಚಿತವಾದ ೩೬ ತತ್ತ್ವಗಳು ಇಲ್ಲಿ ವಿವೃತವಾಗಿವೆ. ಸಾಧಕನ ಯೋಗ್ಯತೆಗೆ ತಕ್ಕಂತೆ ಸಾಧನೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಪ್ರಾಣ, ಧ್ಯಾನ, ಮಂತ್ರಗಳನ್ನು ಅವಲಂಬಿಸುವುದು ಆಣವೋಪಾಯ. ಭಾವನೆಯನ್ನು ಶುದ್ಧಗೊಳಿಸುವುದು ಶಾಕ್ತೋಪಾಯ. ವಿಕಲ್ಪವಳಿದ ಇಚ್ಛೆಯಲ್ಲಿ ನಿಲ್ಲುವುದು ಶಾಂಭವೋಪಾಯ. ಗುರುವಚನಮಾತ್ರದಿಂದ ಸ್ವರೂಪವು ಪ್ರಕಾಶಿಸುವುದು ಅನುಪಾಯ. ಶುಚಿ ಅಶುಚಿಗಳು ವಸ್ತುವಿನ ಧರ್ಮಗಳಲ್ಲ, ಎಣಿಸುವವನ ಕಲ್ಪನೆಗಳೆಂದೂ ಅವರು ನಿರ್ಭಯವಾಗಿ ಪ್ರತಿಪಾದಿಸಿದರು.

ಕ್ರಿ. ಶ. ೯೯೦-೯೧ರಲ್ಲಿ ಕ್ರಮಸ್ತೋತ್ರವನ್ನೂ, ೧೦೧೪-೧೫ರಲ್ಲಿ ಉತ್ಪಲದೇವರ ವಿವೃತಿಗೆ ವಿಮರ್ಶಿನಿಯನ್ನೂ ಮುಗಿಸಿದರು. ಕಡೆಯಲ್ಲಿ ೧೨೦೦ ಶಿಷ್ಯರೊಡನೆ ಭೈರವಗುಹೆಯನ್ನು ಪ್ರವೇಶಿಸಿ ಮರಳಲಿಲ್ಲವೆಂಬ ಐತಿಹ್ಯವು ಕಾಶ್ಮೀರದಲ್ಲಿದೆ. ಬಹುಕಾಲ ಹಸ್ತಪ್ರತಿಗಳಲ್ಲಿ ಅಡಗಿದ್ದ ತಂತ್ರಾಲೋಕವು ಜಯರಥನ ವ್ಯಾಖ್ಯಾನದೊಡನೆ ೧೯೧೮ರಿಂದ ೧೯೩೮ರ ವರೆಗೆ ೧೨ ಸಂಪುಟಗಳಲ್ಲಿ ಅಚ್ಚಾಯಿತು.

ಸಕಲಶಾಸ್ತ್ರಪಾರಂಗತರಾದ ಮೇಲೆಯೂ ಅವರು ಗುರುವನ್ನು ಅರಸುವುದನ್ನು ಬಿಡಲಿಲ್ಲ. ಕಂಡ ಗುರುವನ್ನು ಸ್ಮರಿಸುವುದನ್ನು ಮರೆಯಲಿಲ್ಲ. ಓದಿನಿಂದ ಅಹಂಕಾರವು ಬೆಳೆಯುವ ಭಯವು ಯಾರಿಗೂ ತಪ್ಪಿದುದಲ್ಲ. ಅಂತಹ ಸಮಯದಲ್ಲಿ ಈ ಮಹಾತ್ಮರ ಚರಿತ್ರೆಯು ಸದ್ಭಕ್ತರಿಗೆ ಊರುಗೋಲಾಗಲಿ.