ಭಾರವಾದ ಕಲ್ಲು ಬೇಗ ಬೀಳುತ್ತದೆಯೇ? ರಾಟೆಯಲ್ಲಿ ಉತ್ತರ ತೋರಿಸಿದ ಜಾರ್ಜ್ ಅಟ್‌ವುಡ್

ದೇವರಾಯನದುರ್ಗದ ಬೆಟ್ಟದ ತುದಿಯಿಂದ 1 ಕೆಜಿ ಮತ್ತು 2 ಕೆಜಿ ಕಲ್ಲುಗಳನ್ನು ಒಟ್ಟಿಗೆ ಕೈಬಿಟ್ಟರೆ ಯಾವುದು ಮೊದಲು ನೆಲ ಮುಟ್ಟುತ್ತದೆ? (ಲೆಕ್ಕಕ್ಕೆ ಮಾತ್ರ. ಕೆಳಗೆ ಜನರಿರುತ್ತಾರೆ, ದಯವಿಟ್ಟು ಮಾಡಿ ನೋಡಬೇಡಿ!) 2 ಕೆಜಿಯದ್ದೇ ಎಂದು ಹಲವರು ನಂಬುತ್ತಾರೆ. ಕಣ್ಣಳತೆಯಲ್ಲಿ ಹೇಳುವುದು ಕಷ್ಟ. ಬೀಳುವ ಕಲ್ಲು 1 ಸೆಕೆಂಡಿನಲ್ಲಿ ಸುಮಾರು 5 ಮೀಟರ್, 3 ಸೆಕೆಂಡಿನಲ್ಲಿ 44 ಮೀಟರ್ ಇಳಿದಿರುತ್ತದೆ.

ಈ ವೇಗವನ್ನು ತಗ್ಗಿಸಿ, ಎಲ್ಲರೂ ಅಳೆಯುವಂತೆ ಮಾಡಿದವರು ಜಾರ್ಜ್ ಅಟ್‌ವುಡ್.

ಯಾರಿವರು?

ಹುಟ್ಟಿದ್ದು 1745ರಲ್ಲಿ, ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿ. ಓದಿದ್ದು ನ್ಯೂಟನ್ ಓದಿದ್ದ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲೇ. 1769ರ ಗಣಿತ ಪರೀಕ್ಷೆಯಲ್ಲಿ ಮೂರನೇ ಸ್ಥಾನ ಪಡೆದು, ಅಲ್ಲೇ ಮೇಷ್ಟ್ರಾದರು. 1776ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾದರು. ಅವರ ಪಾಠ ಎಂದರೆ ಬರೀ ಮಾತಲ್ಲ, ಪ್ರಯೋಗ. ಮುಂದೆ ಬ್ರಿಟನ್ ಪ್ರಧಾನಿಯಾದ ವಿಲಿಯಂ ಪಿಟ್ ಕೂಡ ಆ ಪಾಠ ಕೇಳಿದವರು.

ರಾಟೆಯ ಉಪಾಯ

ನ್ಯೂಟನ್ 1687ರಲ್ಲೇ ಎರಡನೇ ಚಲನ ನಿಯಮ ಪ್ರಕಟಿಸಿದ್ದರು: ಬಲ ಹೆಚ್ಚಿದಷ್ಟೂ ವೇಗೋತ್ಕರ್ಷ ಹೆಚ್ಚು, ರಾಶಿ ಹೆಚ್ಚಿದಷ್ಟೂ ಕಡಿಮೆ. ಇದನ್ನು ತರಗತಿಯಲ್ಲಿ ತೋರಿಸಲು ಅಟ್‌ವುಡ್ ಬಳಸಿದ್ದು ರಾಟೆ, ದಾರ, ತೂಕದ ಬಟ್ಟುಗಳು, ಅಳತೆಪಟ್ಟಿ ಮತ್ತು ಸೆಕೆಂಡು ಎಣಿಸುವ ಲೋಲಕ. ಘರ್ಷಣೆ ತಗ್ಗಿಸಲು ರಾಟೆಯ ಅಚ್ಚನ್ನು ಸಣ್ಣ ಚಕ್ರಗಳ ಮೇಲೆ ಕೂರಿಸಿದ್ದರು.

ಇಂದಿನ ತೂಕದಲ್ಲಿ ನೋಡೋಣ. ದಾರದ ಎರಡೂ ತುದಿಗೆ 505 ಗ್ರಾಂ ಇದ್ದರೆ ಚಲನೆಯಿಲ್ಲ. ಒಂದು ಕಡೆಯಿಂದ 5 ಗ್ರಾಂ ತೆಗೆದು ಇನ್ನೊಂದು ಕಡೆಗೆ ಹಾಕಿ. ಈಗ ವ್ಯತ್ಯಾಸ 10 ಗ್ರಾಂ. ಎಳೆಯುವುದು ಆ 10 ಗ್ರಾಂ ತೂಕ ಮಾತ್ರ, ಆದರೆ ಚಲಿಸಬೇಕಾದದ್ದು 1,010 ಗ್ರಾಂ! ಹಾಗಾಗಿ 3 ಸೆಕೆಂಡಿಗೆ 44 ಮೀಟರ್ ಬದಲು ಸುಮಾರು 44 ಸೆಂಟಿಮೀಟರ್ ಮಾತ್ರ ಇಳಿಯುತ್ತದೆ.

ಇನ್ನೂ 5 ಗ್ರಾಂ ದಾಟಿಸಿದರೆ ಎಳೆಯುವ ಬಲ ಎರಡರಷ್ಟು, ವೇಗೋತ್ಕರ್ಷವೂ ಎರಡರಷ್ಟು. ಆದರೆ ಒಂದು ಕಡೆ 1,020, ಇನ್ನೊಂದು ಕಡೆ 1,000 ಗ್ರಾಂ ಇಟ್ಟರೆ? ಬಲ ಎರಡರಷ್ಟಾದರೂ ರಾಶಿಯೂ ಎರಡರಷ್ಟಾಯಿತು. ವೇಗೋತ್ಕರ್ಷ ಮತ್ತೆ ಮೊದಲಿನಷ್ಟೇ. ಬೆಟ್ಟದ ಪ್ರಶ್ನೆಗೂ ಇದೇ ಉತ್ತರ.

ಆಮೇಲೆ?

1784ರಲ್ಲಿ ಈ ಪ್ರಯೋಗಗಳ ಪುಸ್ತಕ ಹೊರಬಂತು. ಅದೇ ವರ್ಷ ಪಿಟ್ ಅವರಿಗೆ ಸುಂಕದ ಇಲಾಖೆಯಲ್ಲಿ ಹುದ್ದೆ ಕೊಟ್ಟರು. ಹಡಗುಗಳ ಸ್ಥಿರತೆ ಕುರಿತ ಕೆಲಸಕ್ಕೆ 1796ರಲ್ಲಿ ಕಾಪ್ಲೆ ಪದಕ ಬಂತು. ಚದುರಂಗದಲ್ಲೂ ಪಳಗಿದ್ದರು. 1807ರಲ್ಲಿ ತೀರಿಕೊಂಡರು. ಅವರ ರಾಟೆ ಇಂದಿಗೂ ಭೌತಶಾಸ್ತ್ರದ ಪಾಠದಲ್ಲಿದೆ.

ಸತ್ಯಾಂಶ: 2 ಕೆಜಿ ಕಲ್ಲನ್ನು ಭೂಮಿ ಎರಡರಷ್ಟು ಬಲದಿಂದ ಎಳೆಯುತ್ತದೆ ಎಂಬುದು ನಿಜ. ಆದರೆ ಅದನ್ನು ಚಲಿಸುವಂತೆ ಮಾಡಲು ಬೇಕಾದ ಬಲವೂ ಎರಡರಷ್ಟು. ಆದ್ದರಿಂದ ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಬೀಳುತ್ತವೆ. ಗರಿ, ಹಾಳೆ ತೇಲಿಕೊಂಡು ಬರುವುದು ಗಾಳಿಯ ತಡೆಯಿಂದ. ಹಾಳೆಯನ್ನು ಉಂಡೆ ಮಾಡಿ ಬೀಳಿಸಿ, ನೀವೇ ನೋಡಿ.